ಸೀಬೆ ಮರದ ಬೀಗದ ಕೈಗಳು

ಪೆದ್ರ ಮಾನ್ಸ ಊರಿನ ಹೊಳೆ ಓಣಿಯಲ್ಲಿ ಅದೆಮಾರನ ಮನೆ ಯಾವುದೆಂದು ಯಾರನ್ನೂ ಕೇಳಬೇಕಾಗಿಲ್ಲ. ಸಂಜೆ ಹೊತ್ತಿಗೆ ಹೋದರೆ ಅಂಗಳದ ಸೀಬೆ ಮರದ ತುಂಬ ಬೀಗದ ಕೈಗಳು ನೇತಾಡುತ್ತಿರುತ್ತವೆ. ಮನೆಯವು, ಬೈಕಿನವು, ಕಾವಲು ಕೆಲಸ ಸಿಕ್ಕಿದ ಯಾವನೋ ಪುಣ್ಯಾತ್ಮನ ಗೋದಾಮಿನವು, ಎಲ್ಲ ಅಲ್ಲೇ. ಒಳಗೆ ಮುಂದಿನ ಕೋಣೆಯಲ್ಲಿ ಮೀಸೆ ನರೆತ ಗಂಡಸರು ಬೆಂಚಿನ ಮೇಲೆ ಒತ್ತಿಕೊಂಡು ಕೂತು, ಬೆರಳಿಟ್ಟು ಅಕ್ಷರ ಕೂಡಿಸಿ ಓದುತ್ತಿರುತ್ತಾರೆ. ಅವರೆಲ್ಲ ಜೈಲಿನಿಂದ ಬಿಡುಗಡೆಯಾಗಿ ಬಂದವರು. ಮುಂದೆ ನಿಂತು ಪಾಠ ಹೇಳುವ ಅದೆಮಾರನೂ ಅಷ್ಟೇ.

ಪಾಠಕ್ಕೆ ಬರುವವರಿಗೆ ಅವನು ಹಾಕಿರುವುದು ಒಂದೇ ಕಟ್ಟಳೆ. ಬೀಗದ ಕೈ ಹೊಸ್ತಿಲು ದಾಟಬಾರದು. ಕುಡಿದು ಬಂದರೂ ಒಂದು ಸಲ ಬೈದು ಕೂರಿಸಿಕೊಳ್ಳುತ್ತಾನೆ, ಬೀಗದ ಕೈ ತಂದರೆ ಮಾತ್ರ ಇಲ್ಲ.

"ಮೇಷ್ಟ್ರೇ, ನಮ್ಮಂಥ ಕಳ್ರ ಮಧ್ಯೆ ಬೀಗದ ಕೈ ಮರಕ್ಕೆ ನೇತಾಕ್ಸ್ತೀರಲ್ಲ, ನಿಮ್ಗೆ ಧೈರ್ಯ ಜಾಸ್ತಿ," ಎಂದು ಓದೊರೀಕು ತಾತ ರೇಗಿಸುತ್ತಾನೆ. ಆ ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯ ಅವನೇ, ಒಂದು ಕಾಲದಲ್ಲಿ ದನ ಕದಿಯುತ್ತಿದ್ದವನು.

"ನೀನು ದನ ಕದ್ದೋನು ತಾತ. ಬೈಕ್ ಹೊಡೆಯಕ್ಕೆ ನಿಂಗೆಲ್ಲಿ ಬರುತ್ತೆ? ಕೂತ್ಕೊ, ಪುಸ್ತಕ ತೆಗಿ."

ಅದೆಮಾರನ ಸ್ವಂತ ಮನೆಗಂತೂ ಬೀಗವೇ ಇಲ್ಲ. ಬಾಗಿಲಲ್ಲಿ ಬೀಗ ಇದ್ದ ಜಾಗದಲ್ಲಿ ಒಂದು ತೂತಿದೆ, ಅದಕ್ಕೆ ಬಟ್ಟೆ ತುರುಕಿದೆ. ಜೈಲಿನ ಬೀಗದ ಕೈಯನ್ನೇ ಸೊಂಟಕ್ಕೆ ಕಟ್ಟಿಕೊಂಡು ವರ್ಷಗಟ್ಟಲೆ ಓಡಾಡಿದವನ ಮನೆಗೆ ಬೀಗವಿಲ್ಲವಲ್ಲ ಎಂದು ಓಣಿಯವರು ನಗುತ್ತಾರೆ. ನಗಲಿ ಬಿಡಿ. ಗೊತ್ತಿಲ್ಲದವರು ನಗದೆ ಇನ್ನೇನು ಮಾಡುತ್ತಾರೆ.

ಅದೆಮಾರ ಕೊಲೆ ಮಾಡಿದ್ದ. ಇದನ್ನು ಮೆತ್ತಗೆ ಹೇಳುವ ದಾರಿ ಇಲ್ಲ, ಅವನೂ ಮೆತ್ತಗೆ ಹೇಳುವುದಿಲ್ಲ. ಹೊಳೆದಡದ ಇಟ್ಟಿಗೆ ಗೂಡಿನಲ್ಲಿ ಕೆಲಸ ಮಾಡುತ್ತಿದ್ದ. ಒಂದು ಶನಿವಾರ ಕಬ್ಬಿನ ಸಾರಾಯಿ ಕುಡಿದು, ಜೊತೆಯ ಕೆಲಸಗಾರನೊಬ್ಬ ಏನೋ ಅಂದನೆಂದು ಸಲಿಕೆ ಎತ್ತಿ ಬೀಸಿದ. ಏನಂದ ಎನ್ನುವುದು ಮಾರನೇ ದಿನ ಅವನಿಗೇ ನೆನಪಿರಲಿಲ್ಲ. ಸತ್ತವನಿಗೂ ಒಬ್ಬ ತಾಯಿ ಇದ್ದಳು. ಅವಳ ಸಂಕಟವೇ ಬೇರೆ, ಅದನ್ನು ಈ ಕಥೆಯ ಜೊತೆ ತಕ್ಕಡಿಯಲ್ಲಿಟ್ಟು ತೂಗುವುದು ಬೇಡ.

ಅವನನ್ನು ಮೊದಲು ಹಾಕಿದ್ದು ದೊಡ್ಡ ಪಟ್ಟಣದ ಹಳೆ ಜೈಲಿಗೆ. ಕಾಲು ಚಾಚಲು ಜಾಗವಿಲ್ಲದೆ ಸರದಿಯ ಮೇಲೆ ಮಲಗುವ ಜೈಲು ಅದು. ಅವನ ತಾಯಿ ಜಾಸಿಂತ, ಊರವರು ಮರ್ಯಾದೆಗೆ ದೋನ ಜಾಸಿಂತ ಎನ್ನುವವಳು, ಭಾನುವಾರ ಬೆಳಗಾಗುವ ಮುಂಚೆಯೇ ಬಸ್ಸು ಹತ್ತಿ ಅಲ್ಲಿಗೆ ಹೋಗುತ್ತಿದ್ದಳು. ಬೆಂಡೆಕಾಯಿ ಹಾಕಿ ಕೋಳಿ ಸಾರು ಮಾಡಿ, ಅನ್ನ, ಹುರುಳಿಕಾಯಿ ಬೀಜದ ಪಲ್ಯ ಎಲ್ಲ ಪ್ಲಾಸ್ಟಿಕ್ ಡಬ್ಬಿಗೆ ತುಂಬಿ, ಟವೆಲಿನಲ್ಲಿ ಸುತ್ತಿ ಒಯ್ಯುತ್ತಿದ್ದಳು. ಅದೆಮಾರನ ಕೈಗೆ ಬರುವಾಗ ಸಾರು ಕಲಸಿಹೋಗಿರುತ್ತಿತ್ತು. ಕಾವಲಿನವರು ಚಾಕು ಹಾಕಿ ತಿರುವಿ ನೋಡುತ್ತಾರೆ ಎಂದು ಅವನಿಗೆ ಗೊತ್ತಿತ್ತು. ಅವರು ತಿರುವಿ ನೋಡುವುದು ಸಾರನ್ನು ಮಾತ್ರ ಎಂದುಕೊಂಡಿದ್ದ, ಪಾಪದವನು.

ಒಂದು ಭಾನುವಾರ ತಾಯಿಗೆ ಜ್ವರ ಬಂದು ತಂಗಿ ಮರಿನಾಲ್ವ ಬಂದಳು. ಬಂದವಳು ಅಣ್ಣನ ಮುಖ ನೋಡದೆ ಗೋಡೆ ನೋಡುತ್ತ ಕೂತಳು.

"ಏನಾಯ್ತೇ? ಅಮ್ಮಂಗೆ ಜಾಸ್ತಿ ಆಗಿದೆಯಾ?"

"ಅಮ್ಮ ಚೆನ್ನಾಗವ್ಳೆ. ನಾನು ಇನ್ನು ಬರಲ್ಲ ಅಣ್ಣ. ನೀನು ಬೈದ್ರೂ ಸರಿ."

"ಯಾಕೆ?"

ಅವಳು ಹೇಳಿದಳು. ಬಾಗಿಲಲ್ಲಿ ಒಂದು ಕೋಣೆ ಇದೆ. ಅಲ್ಲಿ ನೋಡಲು ಬಂದ ಹೆಂಗಸರನ್ನು ಸಾಲಾಗಿ ನಿಲ್ಲಿಸುತ್ತಾರೆ. ಮೈಮೇಲೆ ಒಂದು ಎಳೆ ಇಲ್ಲದ ಹಾಗೆ ಬಿಚ್ಚಬೇಕು. ನೆಲದ ಮೇಲೆ ಕನ್ನಡಿ ಇಟ್ಟು ಅದರ ಮೇಲೆ ಕುಕ್ಕರುಗಾಲಲ್ಲಿ ಕೂರಿಸುತ್ತಾರೆ. ಕೂತು ಏಳು, ಮತ್ತೆ ಕೂತು ಏಳು. ಮುದುಕಿಯಾದರೂ ಅಷ್ಟೇ, ಬಸುರಿಯಾದರೂ ಅಷ್ಟೇ.

"ಅಮ್ಮನೂನಾ?" ಎಂದ ಅದೆಮಾರ.

"ಮತ್ತೆ? ಅಮ್ಮ ಏನು ರಾಜ್ಯಪಾಲರ ಹೆಂಡ್ತಿಯಾ? ಪ್ರತಿ ಭಾನುವಾರ. ಈಗೀಗ ಅವ್ರು ಹೇಳೋ ಮೊದ್ಲೇ ಗುಂಡಿ ಬಿಚ್ಕೊಂಡು ನಿಲ್ತಾಳಂತೆ, ಬೇಗ ಮುಗಿದ್ರೆ ನಿನ್ ಜೊತೆ ಜಾಸ್ತಿ ಹೊತ್ತು ಸಿಗುತ್ತೆ ಅಂತ."

ಆ ಮಾತು ಅದೆಮಾರನ ಎದೆಯಲ್ಲಿ ಕೂತಿತು. ಆಮೇಲೆ ಎಂದೂ ಏಳಲಿಲ್ಲ. ಕೊಲೆ ಮಾಡಿದ್ದಕ್ಕೆ ನ್ಯಾಯಾಧೀಶರು ಶಿಕ್ಷೆ ಕೊಟ್ಟಾಗ ತಲೆ ತಗ್ಗಿಸದವನು ಅವತ್ತು ತಂಗಿಯ ಮುಂದೆ ತಲೆ ಎತ್ತಲಾಗದೆ ಕೂತ. ಅಮ್ಮ ಇನ್ನು ಬರುವುದು ಬೇಡ ಎಂದು ಹೇಳಿ ಕಳಿಸಿದ. ಕಾರಣ ಹೇಳಬೇಡ ಎಂದೂ ಹೇಳಿದ. ಮಗನಿಗೆ ಗೊತ್ತಾಯಿತೆಂದು ತಿಳಿದರೆ ಅವಳು ನೀರಿಗೆ ಬೀಳುತ್ತಾಳೆ ಎಂಬ ಹೆದರಿಕೆ ಅವನಿಗೆ.

ಜಾಸಿಂತ ಕೇಳಿದ್ದು ಒಂದೇ ಮಾತು, ಅದೂ ಮಗಳನ್ನು. "ಸಾರಿಗೆ ಉಪ್ಪು ಜಾಸ್ತಿ ಆಗಿತ್ತಾ?"

ವರ್ಷಗಳು ಹೋದವು. ಅದೆಮಾರ ಜಗಳಕ್ಕೆ ಹೋಗದೆ ಇದ್ದದ್ದರಿಂದ ಅವನನ್ನು ಪೆದ್ರ ಮಾನ್ಸದ ಹೊಳೆಯಾಚೆ ಮನೆ ಎಂಬಲ್ಲಿಗೆ ವರ್ಗ ಮಾಡಿದರು. ಅದೂ ಜೈಲೇ. ಆದರೆ ಊರಿನ ಜನ ಅದನ್ನು ಜೈಲು ಎನ್ನುವುದಿಲ್ಲ. ಅಲ್ಲಿ ಪೊಲೀಸರಿಲ್ಲ, ಬಂದೂಕಿಲ್ಲ. ಬಂದವನ ಬೇಡಿ ಬಾಗಿಲಲ್ಲೇ ಕಳಚುತ್ತಾರೆ, ಹೆಸರು ಹಿಡಿದು ಕರೆಯುತ್ತಾರೆ. ಅಡುಗೆ ಕೈದಿಗಳದೇ, ತೋಟ ಕೈದಿಗಳದೇ, ಬೀಗದ ಕೈಯೂ ಕೈದಿಗಳ ಹತ್ತಿರವೇ. ಹೆಬ್ಬಾಗಿಲು ತೆಗೆಯುವವನು, ಹಾಕುವವನು, ನೋಡಲು ಬಂದವರನ್ನು ಒಳಗೆ ಕರೆಯುವವನು, ಎಲ್ಲ ಅವರಲ್ಲೇ ಒಬ್ಬ. ಹೊರಗಿನಿಂದ ಬಂದವರು ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ನಮಗದು ಅಭ್ಯಾಸವಾಗಿಹೋಗಿದೆ.

ಅಲ್ಲಿ ಪಾಠ ಹೇಳುತ್ತಿದ್ದವಳು ದೋನ ಒಟೀಲಿಯ, ನಿವೃತ್ತ ಮೇಡಮ್ಮು. ಸಣ್ಣ ಮೈ, ದೊಡ್ಡ ಬಾಯಿ. ಊರಿನ ಅರ್ಧ ಜನ ಅವಳ ಹತ್ತಿರ ಕಿವಿ ಹಿಂಡಿಸಿಕೊಂಡೇ ಬೆಳೆದವರು. ಅದೆಮಾರ ಒಂದು ತಿಂಗಳು ತರಗತಿಯ ಕಡೆ ತಲೆ ಹಾಕಲಿಲ್ಲ. ನಲವತ್ತು ದಾಟಿದವನಿಗೆ ಅಕ್ಷರ ಯಾಕೆ ಎಂದು ಅಡುಗೆಮನೆಯಲ್ಲಿ ಪಾತ್ರೆ ಉಜ್ಜಿಕೊಂಡಿದ್ದ. ಒಂದು ದಿನ ತಾನಾಗಿಯೇ ಬಂದು ಬಾಗಿಲಲ್ಲಿ ನಿಂತ.

"ಹೆಬ್ಬಾಗಿಲ ಬೀಗದ ಕೈ ಯಾರಿಗೆ ಕೊಡ್ತಾರೆ ಟೀಚರಮ್ಮ?"

"ಓದೋದು ಬರೆಯೋದು ಬಂದೋರಿಗೆ. ಬಂದೋರ ಹೆಸರು ಬರ್ಕೋಬೇಕಲ್ಲ. ಯಾಕೆ, ಓಡಿಹೋಗೋ ಯೋಚ್ನೆನಾ?"

"ಅಲ್ಲ. ಬಾಗಿಲಲ್ಲಿ ನಾನಿದ್ರೆ ನಮ್ಮಮ್ಮನ್ನ ಯಾರೂ ಮುಟ್ಟಲ್ಲ."

ಒಟೀಲಿಯಳಿಗೆ ಮೊದಲು ಅರ್ಥವಾಗಲಿಲ್ಲ. ಅವನು ತಲೆ ತಗ್ಗಿಸಿಕೊಂಡು ಒಂದೊಂದೇ ಮಾತಾಗಿ ಹೇಳಿದ. ಈ ಬಾಗಿಲಲ್ಲಿ ಯಾರೂ ಯಾರನ್ನೂ ಬಿಚ್ಚಿಸುವುದಿಲ್ಲ ಎಂದು ಅವನಿಗೂ ಗೊತ್ತಿತ್ತು. ಆದರೂ ಒಂದೇ ಒಂದು ಸಲ ತಾನೇ ಬಾಗಿಲು ತೆಗೆಯಬೇಕು, ಅಮ್ಮ ಮೈತುಂಬ ಬಟ್ಟೆ ಹಾಕಿಕೊಂಡು, ತಲೆ ಎತ್ತಿಕೊಂಡು ಒಳಗೆ ಬರಬೇಕು, ಅದನ್ನು ತನ್ನ ಕಣ್ಣಿಂದ ನೋಡಬೇಕು. ಅವನಿಗೆ ಬೇಕಾಗಿದ್ದದ್ದು ಇಷ್ಟು. ಬಿಡುಗಡೆ ಕೂಡ ಅವನಿಗೆ ಅಷ್ಟು ಬೇಕಾಗಿರಲಿಲ್ಲ.

"ವಿದ್ಯೆಗೋಸ್ಕರ ಓದೋರನ್ನ ನೋಡಿದೀನಿ, ಸಂಬಳಕ್ಕೋಸ್ಕರ ಓದೋರನ್ನ ನೋಡಿದೀನಿ," ಎಂದಳು ಒಟೀಲಿಯ. "ಬೀಗದ ಕೈಗೋಸ್ಕರ ಓದೋನನ್ನ ಇವತ್ತೇ ನೋಡಿದ್ದು. ಬಾ, ಕೂತ್ಕೊ. ಉಗುರಲ್ಲಿರೋ ಮಸಿ ತೊಳ್ಕೊಂಡು ಬಾ ಮೊದ್ಲು." ಹಾಗೆಂದು ಕನ್ನಡಕ ಒರೆಸುವ ನೆಪದಲ್ಲಿ ಆ ಕಡೆ ತಿರುಗಿದಳು.

ಓದು ಅವನಿಗೆ ಸುಲಭವಾಗಿ ಹತ್ತಲಿಲ್ಲ. ಇಟ್ಟಿಗೆ ಹೊತ್ತು ಬೆರಳೆಲ್ಲ ಮರದ ತುಂಡಾಗಿದ್ದವು, ಪೆನ್ಸಿಲ್ ಒತ್ತಿ ಒತ್ತಿ ಮುರಿಯುತ್ತಿದ್ದ. ತಪ್ಪಿದಾಗ ಒಟೀಲಿಯ "ಇದೇನೋ ಕೋಳಿ ಕೆರೆದ ಹಾಗೆ" ಎಂದು ಮುಖಕ್ಕೇ ಅನ್ನುತ್ತಿದ್ದಳು. ಚಿಕ್ಕ ವಯಸ್ಸಿನ ಕೈದಿಗಳೆಲ್ಲ ಅವನನ್ನು ದಾಟಿ ಮುಂದೆ ಹೋದರು. ಅವನು ಬಿಡಲಿಲ್ಲ. ಮೊದಲು ತಾಯಿಯ ಹೆಸರು ಬರೆಯುವುದನ್ನು ಕಲಿತ. ಬಾಗಿಲಲ್ಲಿ ಮೊದಲು ಬರೆದುಕೊಳ್ಳಬೇಕಾದ ಹೆಸರು ಅದೇ ತಾನೇ.

ಆಮೇಲೆ ಹೇಳಬೇಕಾದ ಮಾತನ್ನೂ ಕಲಿತ. ಪಾತ್ರೆ ಉಜ್ಜುವಾಗ, ತೋಟ ಅಗೆಯುವಾಗ ಒಬ್ಬನೇ ಗುನುಗುತ್ತಿದ್ದ. "ಇಲ್ಲಿ ತಪಾಸಣೆ ಇಲ್ಲಮ್ಮ, ಬಾ ಒಳಗೆ." ಒಂದೊಂದು ಸಲ ಜೋರಾಗಿ, ಒಂದೊಂದು ಸಲ ಮೆಲ್ಲಗೆ. ಹೇಗೆ ಹೇಳಿದರೆ ಅವಳಿಗೆ ನೋವಾಗುವುದಿಲ್ಲ ಎಂದು ನೋಡುತ್ತಿದ್ದ.

ಕೊನೆಗೂ ಹೆಬ್ಬಾಗಿಲ ಬೀಗದ ಕೈ ಅವನ ಸೊಂಟಕ್ಕೆ ಬಂತು. ಅಲ್ಲಿಯವರೆಗೆ ತಾಯಿಯನ್ನು ಕರೆಸಿರಲಿಲ್ಲ. ಮೇ ತಿಂಗಳ ತಾಯಂದಿರ ಹಬ್ಬದ ಭಾನುವಾರಕ್ಕೆ ತಾಯಿಯನ್ನು ಕರೆದುಕೊಂಡು ಬಾ ಎಂದು ತಂಗಿಗೆ ಹೇಳಿ ಕಳಿಸಿದ. ಅಲ್ಲಿ ಹಳೆಯದರ ಹಾಗಲ್ಲ, ಯಾರೂ ಮುಟ್ಟುವುದಿಲ್ಲ ಎಂದು ಮರಿನಾಲ್ವ ಬಸ್ಸಿನಲ್ಲಿ ದಾರಿಯುದ್ದಕ್ಕೂ ತಾಯಿಗೆ ಹೇಳಿದಳು. ಜಾಸಿಂತ "ಹೂಂ, ಹೂಂ" ಎಂದಳು. ಅವಳ ಕಣ್ಣಿಗೆ ಆಗಲೇ ಪೊರೆ ಬಂದಿತ್ತು, ಕಿಟಕಿಯಾಚೆ ಹೊಳೆ ಬಂದದ್ದೂ ಅವಳಿಗೆ ಕಾಣಲಿಲ್ಲ. ಹೆಬ್ಬಾಗಿಲ ಮುಂದೆ ಇಳಿದಾಗ ಜೋಳದ ಕೇಕಿನ ಬುಟ್ಟಿ ಬಸ್ಸಿನಲ್ಲೇ ಉಳಿದದ್ದು ನೆನಪಾಗಿ ಮರಿನಾಲ್ವ ಹಿಂದಕ್ಕೆ ಓಡಿದಳು. ಜಾಸಿಂತ ಗೋಡೆ ಸವರಿಕೊಂಡು ಬಾಗಿಲ ಕಡೆ ಒಬ್ಬಳೇ ನಡೆದಳು.

ಅದೆಮಾರ ಒಳಗಿನಿಂದ ನೋಡಿದ. ಅಮ್ಮ ಎಷ್ಟು ಗಿಡ್ಡವಾಗಿಬಿಟ್ಟಿದ್ದಳು. ಹಬ್ಬಕ್ಕೆಂದು ಇಟ್ಟುಕೊಂಡಿದ್ದ ನೀಲಿ ರವಿಕೆ ಹಾಕಿಕೊಂಡಿದ್ದಳು, ತಲೆ ಬಾಚಿಕೊಂಡಿದ್ದಳು. ಅವಸರದಲ್ಲಿ ಸರಿಯಾದ ಬೀಗದ ಕೈ ತಕ್ಷಣ ಸಿಗದೆ ಗೊಂಚಲು ಝಣಝಣ ಅಂದಿತು. ಬಾಗಿಲು ತೆರೆಯಿತು.

ಬೀಗದ ಕೈಗಳ ಸದ್ದು ಕೇಳಿದ್ದೇ ಜಾಸಿಂತ ನಿಂತಳು. ಕೈಚೀಲ ನೆಲಕ್ಕಿಟ್ಟಳು. ಚಪ್ಪಲಿ ಕಳಚಿ ಪಕ್ಕಕ್ಕೆ ಜೋಡಿಸಿದಳು. ಮುಡಿಯ ಪಿನ್ನು ತೆಗೆದು ಕೂದಲು ಬಿಚ್ಚಿ ಕೊಡವಿದಳು. ಆಮೇಲೆ ರವಿಕೆಯ ಗುಂಡಿಗೆ ಕೈ ಹಾಕಿದಳು.

"ಹೆಂಗಸರು ಯಾರೂ ಇಲ್ವಾ ಸಾಹೇಬ್ರೆ ಇವತ್ತು? ಆಗ್ಲಿ, ಪರವಾಗಿಲ್ಲ. ಬೇಗ ನೋಡ್ಬಿಡಿ. ಕೂತು ಏಳೋದು ಮಾತ್ರ ನಿಧಾನ ಆಗುತ್ತೆ, ಮಂಡಿ ನೋವು."

ಅಷ್ಟು ದಿನ ಗುನುಗಿಕೊಂಡಿದ್ದ ಮಾತು ಅದೆಮಾರನ ಬಾಯಿಗೆ ಬರಲಿಲ್ಲ. ಅವಳು ಒಂದು ಗುಂಡಿ ಬಿಚ್ಚಿದಳು, ಇನ್ನೊಂದು ಬಿಚ್ಚಿದಳು. ಮುದಿ ಬೆರಳುಗಳಿಗೆ ಆ ಕೆಲಸ ಎಷ್ಟು ಚೆನ್ನಾಗಿ ಬರುತ್ತಿತ್ತು ಎಂದರೆ, ಕಣ್ಣು ಕಾಣದಿದ್ದರೂ ಎಲ್ಲೂ ತಡವರಿಸಲಿಲ್ಲ. ಬೀಗದ ಕೈ ಅವನ ಕೈಯಿಂದ ಜಾರಿ ನೆಲಕ್ಕೆ ಬಿತ್ತು.

"ಅಮ್ಮಾ," ಎಂದ. ಅಷ್ಟೇ ಬಂತು.

ಅವಳ ಕೈ ನಿಂತಿತು. ಧ್ವನಿ ಅವಳಿಗೆ ಗುರುತು ಸಿಕ್ಕಿತು. ರವಿಕೆಯನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡು, ಮುಖ ಮುಂದೆ ಚಾಚಿ, ಎದುರಿನ ನೆರಳನ್ನು ನೋಡಲು ಒದ್ದಾಡಿದಳು. ಆಮೇಲೆ ಕೆಳಗೆ ಬಿದ್ದ ಗೊಂಚಲಿನ ಕಡೆ ತಲೆ ಬಗ್ಗಿಸಿದಳು.

"ನಿನ್ನನ್ನೂ ಅವ್ರ ಜೊತೆ ಸೇರಿಸ್ಕೊಂಡ್ರಾ ಮಗನೇ?"

ಎಷ್ಟು ಹೇಳಿದರೂ ಅವಳಿಗೆ ಒಪ್ಪಿಗೆಯಾಗಲಿಲ್ಲ. ಊರಿಗೆಲ್ಲ ಗೊತ್ತಿದ್ದರೂ, ಕೈದಿಯ ಹತ್ತಿರ ಬೀಗದ ಕೈ ಇರುತ್ತದೆ ಎಂದರೆ ಹಳೆ ಜೈಲಿನ ಬಾಗಿಲಲ್ಲಿ ನಿಂತು ಬಂದ ಯಾವ ತಾಯಿ ನಂಬುತ್ತಾಳೆ? ಊಟಕ್ಕೆ ಕೂತಳು, ಚೆನ್ನಾಗಿದೆ ಎಂದಳು, ಎಲ್ಲರಿಗೂ ತನ್ನ ಕೈಯಾರೆ ಕೇಕು ಕೊಟ್ಟಳು. ಅವಳ ಇನ್ನೊಂದು ಕೈ ಮಾತ್ರ ದಿನವಿಡೀ ರವಿಕೆಯ ಕೊರಳಪಟ್ಟಿಯನ್ನು ಹಿಡಿದೇ ಇತ್ತು. ಮಗನ ಕಡೆ ಒಂದು ಸಲವೂ ಮುಖ ತಿರುಗಿಸಲಿಲ್ಲ. ಮಗನಿಗೂ ಅವಳ ಮುಖ ನೋಡುವ ಧೈರ್ಯವಾಗಲಿಲ್ಲ. ಮರಿನಾಲ್ವ ಇಬ್ಬರ ನಡುವೆ ಕೂತು ಬಾಯಿಗೆ ಬಂದದ್ದು ಮಾತಾಡಿದಳು. ಆಮೇಲೆ ಜಾಸಿಂತ ಮತ್ತೆ ಬರಲಿಲ್ಲ. ಒಮ್ಮೆ ಮಂಡಿ ನೋವು, ಒಮ್ಮೆ ಮಳೆ, ಒಮ್ಮೆ ಬಸ್ಸಿಲ್ಲ.

ಮಾರನೇ ದಿನ ಅದೆಮಾರ ಬೀಗದ ಕೈ ತಂದು ಒಟೀಲಿಯಳ ಮೇಜಿನ ಮೇಲಿಟ್ಟ. ಪುಸ್ತಕವನ್ನೂ ಇಟ್ಟ. ನಡೆದದ್ದನ್ನು ಅವಳೊಬ್ಬಳಿಗೆ ಹೇಳಿದ.

"ಬೇಡ ಟೀಚರಮ್ಮ. ನಂಗೆ ಇದು ಸಾಕು."

ಜೋರು ಬಾಯಿಯ ಒಟೀಲಿಯ ಅವತ್ತು ಮೆಲ್ಲಗೆ ಹೇಳಿದಳು. "ಬರೋ ಭಾನುವಾರ ಹಳೆ ಜೈಲಿಂದ ಹೊಸಬ್ರು ಬರ್ತಾರೆ. ಅವ್ರ ಅಮ್ಮಂದ್ರೂ ಬರ್ತಾರೆ. ಅವ್ರೂ ಬಾಗಿಲಲ್ಲಿ ಗುಂಡಿ ಬಿಚ್ಚೋರೇ. ನಿನ್ ಬದ್ಲು ಅಲ್ಲಿ ಬೇರೆ ಯಾವನನ್ನಾದ್ರೂ ನಿಲ್ಲಿಸ್ಲಾ? ಅವನಿಗೇನು ಗೊತ್ತಿರುತ್ತೆ?"

ಅವನು ಅತ್ತ. ನಲವತ್ತು ದಾಟಿದ ಗಂಡಸು, ಮೇಜಿಗೆ ಹಣೆ ಕೊಟ್ಟು ಗೊಳೋ ಎಂದು ಅತ್ತ. ಆಮೇಲೆ ಬೀಗದ ಕೈ ತೆಗೆದುಕೊಂಡ, ಪುಸ್ತಕವನ್ನೂ ತೆಗೆದುಕೊಂಡ. ಮುಂದಿನ ಭಾನುವಾರದಿಂದ ಗೊಂಚಲಿಗೆ ಬಟ್ಟೆ ಸುತ್ತಿದ. ಯಾರಾದರೂ ಹೆಂಗಸು ಬಸ್ಸಿಳಿದರೆ ಸಾಕು, ಬಾಗಿಲು ಮೊದಲೇ ತೆರೆದಿಟ್ಟು, ರಸ್ತೆಯವರೆಗೂ ಹೋಗಿ, ಇಲ್ಲಿ ತಪಾಸಣೆ ಇಲ್ಲಮ್ಮ, ಬನ್ನಿ ಒಳಗೆ, ಎನ್ನುತ್ತಿದ್ದ. ಎಷ್ಟೋ ತಾಯಂದಿರಿಗೆ ಆ ಮಾತು ಹೇಳಿದ. ಹೇಳಬೇಕಾದವಳಿಗೆ ಮಾತ್ರ ಹೇಳಲಾಗಲಿಲ್ಲ. ವಯಸ್ಕರ ಶಾಲೆಯ ಪರೀಕ್ಷೆ ಬರೆದ, ಒಂದು ಸಲ ಡುಮ್ಕಿ ಹೊಡೆದ, ಮತ್ತೆ ಬರೆದ, ಪಾಸಾದ.

ಶಿಕ್ಷೆ ಮುಗಿದು ಮನೆಗೆ ಬಂದಾಗ ಜಾಸಿಂತಳ ಬುದ್ಧಿ ಮಂಕಾಗಿತ್ತು. ಒಂದೊಂದು ದಿನ ಮಗ ಎಂದು ಗುರುತು ಹಿಡಿಯುತ್ತಿದ್ದಳು, ಒಂದೊಂದು ದಿನ ಪಕ್ಕದ ಮನೆಯವನು ಎನ್ನುತ್ತಿದ್ದಳು. ಬಂದ ಮೊದಲ ಸಂಜೆಯೇ ಅದೆಮಾರ ಬಾಗಿಲಿಗೆ ಬೀಗ ಹಾಕಿ ಒಳಗೆ ತಿರುಗಿದರೆ, ಅಮ್ಮ ಕೋಣೆಯ ನಡುವೆ ಎದ್ದು ನಿಂತು ಚಪ್ಪಲಿ ಕಳಚುತ್ತಿದ್ದಳು. ಬೆಳಿಗ್ಗೆ ಉಳಿ ತಂದು ಬೀಗ ಕಿತ್ತು ಹೊಳೆಗೆ ಎಸೆದ.

ಕೊಲೆಗಾರನಿಗೆ ಊರಲ್ಲಿ ಯಾರೂ ಕೆಲಸ ಕೊಡಲಿಲ್ಲ, ಕೊನೆಗೆ ಹಳೆ ಇಟ್ಟಿಗೆ ಗೂಡಿನವರೇ ಕೊಟ್ಟರು. ಬಿಡುಗಡೆಯಾಗಿ ಬಂದು ಅಕ್ಷರವಿಲ್ಲದೆ ಅಲೆಯುತ್ತಿದ್ದ ಒಬ್ಬಿಬ್ಬರನ್ನು ಒಟೀಲಿಯ ಅವನ ಮನೆಗೆ ಅಟ್ಟಿದಳು. ಅಮ್ಮನನ್ನು ಒಬ್ಬಳೇ ಬಿಟ್ಟು ಸಂಜೆ ಹೊರಗೆ ಹೋಗುವಂತಿರಲಿಲ್ಲ, ಹಾಗಾಗಿ ಪಾಠ ಮನೆಯಲ್ಲೇ ಶುರುವಾಯಿತು. ಜಾಸಿಂತ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಮಡಿಲಲ್ಲಿ ಬೀಜ ಹಸನು ಮಾಡುತ್ತ ಕೂರುತ್ತಿದ್ದಳು. ಬೀಗದ ಕೈಗಳು ಸೀಬೆ ಮರಕ್ಕೆ ಹೋದವು. ಯಾಕೆಂದು ಅವನು ಯಾರಿಗೂ ಹೇಳಲಿಲ್ಲ.

ಒಂದು ಸಂಜೆ ವಾಲ್ಮೀರ್ ಎಂಬ ಹೊಸಬ ಬಂದ. ಬೈಕಿನಲ್ಲಿ ಬಾಡಿಗೆಗೆ ಜನರನ್ನು ಕೂರಿಸಿಕೊಂಡು ಹೋಗುವವನು, ಹಳೆ ಜೈಲಿನಿಂದ ಬಂದು ತಿಂಗಳೂ ಆಗಿರಲಿಲ್ಲ. ಮೈಯೆಲ್ಲ ಹಚ್ಚೆ, ಬಾಯೆಲ್ಲ ಉಡಾಫೆ. ಮರದ ಕಡೆ ಹೋಗದೆ ನೇರ ಒಳಗೆ ನುಗ್ಗಿದ. ಕೀಗಳು ಸೊಂಟದಲ್ಲಿ ಝಣಝಣ ಎನ್ನುತ್ತಿದ್ದವು.

"ಏ, ಬೀಗದ ಕೈ ಆಚೆ," ಎಂದ ಓದೊರೀಕು ತಾತ.

"ಯಾಕೆ ತಾತ, ಮೇಷ್ಟ್ರಿಗೆ ದೆವ್ವ ಬರುತ್ತಾ?" ಎಂದು ನಕ್ಕು, ವಾಲ್ಮೀರ್ ಗೊಂಚಲು ಬಿಚ್ಚಿ ಎಲ್ಲರ ಮುಂದೆ ಆಡಿಸಿದ.

ಮೂಲೆಯಲ್ಲಿ ಬೀಜಗಳು ಚೆಲ್ಲಿದ ಸದ್ದಾಯಿತು. ಜಾಸಿಂತ ಎದ್ದು ನಿಂತಿದ್ದಳು. ಚಪ್ಪಲಿ ಕಳಚಿದಳು, ಕಾಲಿನಿಂದಲೇ ಜೋಡಿಸಿದಳು. ಮುಡಿಯ ಪಿನ್ನು ತೆಗೆದು ಬಿಳಿ ಕೂದಲು ಕೊಡವಿದಳು. ಕೈ ಗುಂಡಿಗೆ ಹೋಯಿತು.

ಅಲ್ಲಿದ್ದವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಓದೊರೀಕು ತಾತ ಮೊದಲು ಎದ್ದ. ಬೆಂಚಿನಿಂದ ಎದ್ದು, ಗೋಡೆಗೆ ಮುಖ ಮಾಡಿ ನಿಂತ. ಅವನ ಹಿಂದೆ ಇನ್ನೊಬ್ಬ, ಮತ್ತೊಬ್ಬ. ಕಳ್ಳರು, ಕೊಲೆಗಾರರು, ಎಲ್ಲ ಒಬ್ಬೊಬ್ಬರಾಗಿ ಗೋಡೆಯ ಕಡೆ ತಿರುಗಿ, ಹಳೆ ಜೈಲಿನಲ್ಲಿ ನಿಲ್ಲಿಸುತ್ತಿದ್ದ ಹಾಗೆಯೇ ಸಾಲಾಗಿ ನಿಂತರು. ಕೊನೆಗೆ ಉಳಿದವನು ವಾಲ್ಮೀರ್. ಅವನು ಗೊಂಚಲನ್ನು ಸದ್ದಾಗದ ಹಾಗೆ ಮುಷ್ಟಿಯಲ್ಲಿ ಒತ್ತಿ ಹಿಡಿದು ಗೋಡೆಗೆ ತಿರುಗಿದ.

"ಮಗನ್ನ ನೋಡಕ್ಕೆ ಬಂದಿದೀನಿ ಸಾಹೇಬ್ರೆ," ಎಂದಳು ಜಾಸಿಂತ. "ಬೇಗ ನೋಡ್ಬಿಡಿ, ಸಾರು ಆರೋಗುತ್ತೆ."

ಅದೆಮಾರ ಹತ್ತಿರ ಹೋದ. ಅವಳು ಬಿಚ್ಚಿದ ಗುಂಡಿಗಳನ್ನು ತನ್ನ ಒರಟು ಬೆರಳಲ್ಲಿ ಒಂದೊಂದಾಗಿ ಹಾಕಿದ.

"ಇಲ್ಲಿ ತಪಾಸಣೆ ಇಲ್ಲಮ್ಮ, ಬನ್ನಿ ಒಳಗೆ."

"ಇಲ್ವಾ?"

"ಇಲ್ಲ. ಯಾರೂ ಮುಟ್ಟಲ್ಲ ನಿಮ್ಮನ್ನ."

ಅವಳು ನಂಬಲಾಗದೆ ಒಂದು ಕ್ಷಣ ನಿಂತಳು. ಆಮೇಲೆ ಅವನ ಕೈ ಹಿಡಿದು ಒಂದು ಹೆಜ್ಜೆ ಮುಂದೆ ಇಟ್ಟಳು, ಯಾವುದೋ ಹೊಸ್ತಿಲು ದಾಟುವವಳ ಹಾಗೆ ಕಾಲೆತ್ತಿ ಇಟ್ಟಳು. ತಲೆ ಎತ್ತಿದ್ದಳು.

"ಅವ್ನು ಚೆನ್ನಾಗವ್ನಾ ಸಾಹೇಬ್ರೆ, ನನ್ ಮಗ?"

"ಚೆನ್ನಾಗವ್ನೆ. ಓದೋದು ಕಲ್ತಿದಾನೆ."

"ಅವ್ನಾ?" ಜಾಸಿಂತ ನಕ್ಕಳು. "ಅವ್ನಿಗೆಲ್ಲಿ ಓದು ಹತ್ತುತ್ತೆ. ನೀವು ಬೇರೆ ಯಾರನ್ನೋ ಹೇಳ್ತಿದೀರ." ಕುರ್ಚಿಯಲ್ಲಿ ಕೂತು ಮಡಿಲ ಬಟ್ಟೆಯನ್ನು ಸರಿಮಾಡಿಕೊಂಡಳು. "ಕರೀತೀರಾ ಅವನ್ನ? ನಾನು ಕಾಯ್ತೀನಿ. ಇವತ್ತು ಉಪ್ಪು ಕಡಿಮೆ ಹಾಕಿದೀನಿ ಅಂತ ಹೇಳಿ."

"ಹೇಳ್ತೀನಮ್ಮ. ಬರ್ತಾನೆ."

ಅವತ್ತು ಪಾಠವಾಗಲಿಲ್ಲ. ಗಂಡಸರು ಸದ್ದಿಲ್ಲದೆ ಒಬ್ಬೊಬ್ಬರೇ ಹೊರಗೆ ಹೋದರು. ವಾಲ್ಮೀರ್ ಬೈಕು ಶುರು ಮಾಡದೆ ಓಣಿಯ ತುದಿಯವರೆಗೂ ತಳ್ಳಿಕೊಂಡು ಹೋದ. ಅದೆಮಾರ ಚೆಲ್ಲಿದ ಬೀಜಗಳನ್ನು ಆಯ್ದು ಬಟ್ಟಲಿಗೆ ತುಂಬಿದ. ಆಮೇಲೆ ಬೆಂಚು ಎಳೆದುಕೊಂಡು ತಾಯಿಯ ಪಕ್ಕ ಕೂತ. ಅವಳು ಮಗ ಯಾವಾಗ ಬರುತ್ತಾನೋ ಎಂದು ಬಾಗಿಲ ಕಡೆ ಮುಖ ಮಾಡಿಕೊಂಡೇ ಇದ್ದಳು, ಅವನೂ ಅವಳ ಜೊತೆ ಕಾಯುತ್ತ ಕೂತಿದ್ದ.